ಅಂಗಡಿಯ ಇಎಂಐ ಕಾರ್ಡಿನಿಂದ ಸಿಬಿಲ್ ಬೆಳೆಯುತ್ತದೆಯೇ? ತುಮಕೂರಿನ ಕೌಂಟರಿನಲ್ಲಿ ನಿಂತು ಒಂದು ಲೆಕ್ಕ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಯಾವುದಾದರೂ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಫ್ರಿಜ್ ಬೆಲೆ ಕೇಳಿ. ಎರಡನೇ ಮಾತಿಗೇ ‘ಕಾರ್ಡ್ ಇದೆಯಾ ಸರ್?’ ಅನ್ನುತ್ತಾರೆ. ಇಲ್ಲ ಅಂದರೆ ಪಕ್ಕದ ಮೇಜಿನಲ್ಲಿ ಕೂತಿರುವ ಫೈನಾನ್ಸ್ ಹುಡುಗ ಆಧಾರ್, ಪ್ಯಾನ್ ಈಸಿಕೊಂಡು ಅಲ್ಲೇ ಮಾಡಿಕೊಡುತ್ತಾನೆ. ಜೊತೆಗೆ ಒಂದು ಮಾತು: ‘ಬಡ್ಡಿ ಇಲ್ಲ, ಸಿಬಿಲ್ಲೂ ಬೆಳೆಯುತ್ತೆ.’ ಸಿಬಿಲ್ ಅಂದರೆ ಸಾಲ ಕೊಡುವ ಮೊದಲು ಬ್ಯಾಂಕು ನೋಡುವ ಸ್ಕೋರ್, ನೀವು ಸಾಲ ತೀರಿಸಿದ ರೀತಿಗೆ ಸಿಗುವ ಅಂಕ. ಅದು ಬೆಳೆಯುವುದು ನಿಜ, ಕಂತು ತಪ್ಪದಿದ್ದರೆ. ಬಡ್ಡಿ ಇಲ್ಲ ಅನ್ನುವುದನ್ನು ಮಾತ್ರ ಲೆಕ್ಕ ಹಾಕದೆ ಒಪ್ಪಬಾರದು.

ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ. ಇಪ್ಪತ್ತು ವರ್ಷ ಒಂದು ತಿಂಗಳೂ ತಪ್ಪದೆ ಚೀಟಿ ಕಟ್ಟಿದವರು, ಕೈಗಡವನ್ನು ಹೇಳಿದ ದಿನಕ್ಕೆ ತೀರಿಸಿದವರು ಎಷ್ಟೋ ಜನ ಇದ್ದಾರೆ. ಅವರು ಮನೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಸಾಲದ ಇತಿಹಾಸದ ವರದಿಯಲ್ಲಿ ‘ಎನ್‌ಎಚ್’ ಅಂತಲೋ ‘-1’ ಅಂತಲೋ ಬರುತ್ತದೆ. ಹಾಗೆಂದರೆ ಕೆಟ್ಟವರು ಅಂತಲ್ಲ, ಇತಿಹಾಸವೇ ಇಲ್ಲ ಅಂತ. ಊರಿನ ಚೀಟಿ, ಕೈಗಡ ಯಾವುದೂ ಆ ವರದಿಗೆ ಹೋಗುವುದಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳಿಗೆ ಬ್ಯಾಂಕು, ಫೈನಾನ್ಸ್ ಕಂಪನಿಗಳು ಕಳಿಸಿದ ಲೆಕ್ಕ ಮಾತ್ರ ಅಲ್ಲಿರುತ್ತದೆ. ಆದ್ದರಿಂದ 300ರಿಂದ 900ರ ನಡುವೆ ಒಂದು ಅಂಕಿ ಮೂಡಬೇಕಾದರೆ ವರದಿಯಾಗುವಂಥ ಒಂದು ಸಾಲವೋ ಕಾರ್ಡೋ ನಿಮ್ಮ ಹೆಸರಿನಲ್ಲಿ ಕೆಲವು ತಿಂಗಳು ನಡೆದಿರಬೇಕು. ಅದನ್ನು ಬಡ್ಡಿಗೆ ಒಂದು ಪೈಸೆಯೂ ಹೋಗದಂತೆ ನಡೆಸುವುದಕ್ಕೆ ಯಾವ ಕಾರ್ಡ್ ತಕ್ಕದ್ದು ಎಂಬುದೇ ಈ ವಿಮರ್ಶೆಯ ವಿಷಯ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಅಂಗಡಿಯಲ್ಲಿ ‘ಕಾರ್ಡ್’ ಅನ್ನುವ ಒಂದೇ ಪದದಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಬಟ್ಟೆ ಅಂಗಡಿ, ಸೂಪರ್ ಮಾರ್ಕೆಟಿನವರು ಕೊಡುವ ಪಾಯಿಂಟ್ಸ್ ಕಾರ್ಡಿಗೂ ಸಾಲಕ್ಕೂ ಸಂಬಂಧವಿಲ್ಲ. ಅದರಿಂದ ಸ್ಕೋರ್ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಎರಡನೆಯದು ಇಎಂಐ ಕಾರ್ಡ್, ಕಂತಿನ ಮೇಲೆ ವಸ್ತು ಕೊಳ್ಳಲು ಫೈನಾನ್ಸ್ ಕಂಪನಿ ಕೊಡುವಂಥದು. ನಮ್ಮ ಕಡೆ ಯಾವ ಕಂಪನಿಯದಾದರೂ ‘ಬಜಾಜ್ ಕಾರ್ಡ್’ ಅಂತಲೇ ಕರೆಯುವಷ್ಟು ಅದು ಬಳಕೆಗೆ ಬಂದಿದೆ. ಮೂರನೆಯದು ಅಂಗಡಿಯ ಹೆಸರು ಹೊತ್ತ ಬ್ಯಾಂಕಿನ ಕ್ರೆಡಿಟ್ ಕಾರ್ಡ್: ಅಮೆಜಾನ್ ಪೇ ಐಸಿಐಸಿಐ, ಫ್ಲಿಪ್‌ಕಾರ್ಟ್ ಆಕ್ಸಿಸ್, ಟಾಟಾ ನ್ಯೂ ಎಚ್‌ಡಿಎಫ್‌ಸಿ, ರಿಲಯನ್ಸ್ ಎಸ್‌ಬಿಐ ಕಾರ್ಡ್ ಇಂಥವು.

ಇಎಂಐ ಕಾರ್ಡ್ ನೋಡಲು ಕಾರ್ಡು, ಒಳಗೆ ಸಾಲ. ಅದರಲ್ಲಿ ಒಂದು ಮಿಕ್ಸಿ ಕೊಂಡರೆ ವರದಿಯಲ್ಲಿ ‘ಕನ್ಸ್ಯೂಮರ್ ಲೋನ್’ ಎಂದು ಒಂದು ಸಾಲು ಬೀಳುತ್ತದೆ. ಮುಂದಿನ ತಿಂಗಳು ಮೊಬೈಲ್ ಕೊಂಡರೆ ಇನ್ನೊಂದು ಸಾಲು, ದೀಪಾವಳಿಗೆ ಟಿವಿ ಕೊಂಡರೆ ಮತ್ತೊಂದು. ಒಂದೇ ಕಾರ್ಡು ಅಂತ ನೀವು ತಿಳಿದಿರುತ್ತೀರಿ. ಮನೆ ಸಾಲದ ಮ್ಯಾನೇಜರ್ ಕಣ್ಣಿಗೆ ಹದಿನೆಂಟು ತಿಂಗಳಲ್ಲಿ ಐದು ಸಣ್ಣ ಸಾಲ ಎತ್ತಿದ ಮನುಷ್ಯ ಕಾಣುತ್ತಾನೆ. ಕಂತು ಸರಿಯಾಗಿ ಕಟ್ಟಿದ್ದರೂ ‘ಇವರಿಗೆ ಕೈಯಲ್ಲಿ ಕಾಸು ನಿಲ್ಲುವುದಿಲ್ಲವೇನೋ’ ಎಂಬ ಅನುಮಾನ ಹುಟ್ಟುತ್ತದೆ. ಹೀಗಾಗಿ ಇತಿಹಾಸವೇ ಇಲ್ಲದವರು ಇಎಂಐ ಕಾರ್ಡನ್ನು ಬಾಗಿಲು ತೆರೆಯುವ ಮಟ್ಟಿಗೆ ಒಂದು ಸಲ ಬಳಸಲಿ. ಹೇಗೂ ಕೊಳ್ಳಬೇಕಾಗಿದ್ದ ಒಂದೇ ವಸ್ತು, ಆರೆಂಟು ತಿಂಗಳ ಒಂದೇ ಸಾಲ. ಅದು ಮುಗಿದ ಮೇಲೆ ಕಾರ್ಡ್ ಬೀರುವಿನಲ್ಲಿರಲಿ.

ಈಗ ‘ಬಡ್ಡಿ ಇಲ್ಲ’ ಎಂಬುದರ ಲೆಕ್ಕ. ಇದನ್ನು ಕೌಂಟರಿನ ಮುಂದೆ ನಿಂತೇ ಹಾಕಬೇಕು, ಮನೆಗೆ ಬಂದ ಮೇಲಲ್ಲ. 24,000 ರೂಪಾಯಿಯ ಫ್ರಿಜ್ ಅಂದುಕೊಳ್ಳಿ. ಹುಡುಗ ‘ಎಂಟಕ್ಕೆ ಎರಡು’ ಸ್ಕೀಮ್ ಇದೆ ಅನ್ನುತ್ತಾನೆ. ಅಂದರೆ ಒಟ್ಟು ಎಂಟು ಕಂತು, ಎರಡನ್ನು ಈಗಲೇ ಕಟ್ಟಬೇಕು. ತಲಾ 3,000ದಂತೆ 6,000 ಇವತ್ತು ಹೋಯಿತು. ಸಾಲ 18,000, ಮುಂದಿನ ಆರು ತಿಂಗಳು 3,000. ಕೂಡಿ ನೋಡಿದರೆ 24,000ವೇ, ಬಡ್ಡಿ ಕಾಣುವುದಿಲ್ಲ. ಆದರೆ ಪ್ರೊಸೆಸಿಂಗ್ ಫೀ ಅಂತ 700 ರೂಪಾಯಿ ಬೇರೆ ಇದೆ. ಇದೇ ಫ್ರಿಜ್ಜಿಗೆ ‘ಕ್ಯಾಷ್ ಕೊಟ್ಟರೆ ಎಷ್ಟಕ್ಕೆ ಬಿಡ್ತೀರಿ?’ ಅಂತ ಮೊದಲೇ ಕೇಳಿದ್ದರೆ 23,000ಕ್ಕೆ ಬಿಡುತ್ತಿದ್ದರು ಅನ್ನಿ. ಬಿಟ್ಟುಕೊಟ್ಟ ಆ 1,000ವೂ ಸೇರಿ ನಿಮಗೆ ಬಿದ್ದ ಹೊರೆ 1,700.

ನೀವು ಬಳಸಿದ ಹಣವಾದರೂ ಎಷ್ಟು? ಮೊದಲ ತಿಂಗಳು 18,000, ಆಮೇಲೆ 15,000, 12,000, 9,000, 6,000, 3,000. ಕೂಡಿದರೆ 63,000 ರೂಪಾಯಿಯನ್ನು ಒಂದು ತಿಂಗಳು ಬಳಸಿದಂತೆ. 1,700ನ್ನು ಅದರಿಂದ ಭಾಗಿಸಿದರೆ ತಿಂಗಳಿಗೆ ಶೇ. 2.7, ವರ್ಷಕ್ಕೆ ಶೇ. 32ರ ಮೇಲೆ. ಚಿನ್ನದ ಸಾಲದ ಬಡ್ಡಿ ಇದರ ಮುಂದೆ ಏನೂ ಅಲ್ಲ. ಇದೇ ಲೆಕ್ಕದಲ್ಲಿ ಪ್ರೊಸೆಸಿಂಗ್ ಫೀ 300 ಇದ್ದು, ಕ್ಯಾಷಿಗೂ ಅದೇ 24,000 ಅಂದಿದ್ದರೆ ವರ್ಷಕ್ಕೆ ಶೇ. 6ಕ್ಕಿಂತ ಕಡಿಮೆ. ಆಗ ಧಾರಾಳವಾಗಿ ತೆಗೆದುಕೊಳ್ಳಿ. ಸ್ಕೀಮಿನ ಹೆಸರು ಒಂದೇ, ಖರ್ಚು ಅಜಗಜಾಂತರ. ಹಾಗಾಗಿ ಕೇಳುವ ಕ್ರಮ ಮುಖ್ಯ: ಮೊದಲು ಕ್ಯಾಷ್ ಬೆಲೆ ಬರೆಸಿಕೊಳ್ಳಿ, ಅದಾದ ಮೇಲೆ ಕಾರ್ಡ್ ಮಾತು ಎತ್ತಿ. ‘ಶೂನ್ಯ ಬಡ್ಡಿ’ ಎಂಬ ಕಲ್ಪನೆಯೇ ಇಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಫೀ ರೂಪದಲ್ಲಿ ಮರೆಮಾಡುತ್ತಾರೆ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ಬರೆದು ತಿಳಿಸಿತ್ತು. 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆಲ್ಲ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡುವುದು ಕಡ್ಡಾಯ. ಅದರಲ್ಲಿ ಎಪಿಆರ್ ಎಂಬ ಒಂದು ಅಂಕಿ ಇರುತ್ತದೆ, ಫೀಯನ್ನೂ ಸೇರಿಸಿದ ವಾರ್ಷಿಕ ದರ. ಹುಡುಗನ ಟ್ಯಾಬ್‌ನಲ್ಲಿ ಅದನ್ನು ತೋರಿಸಿ ಅನ್ನಿ. ನೀವು ಬಿಟ್ಟುಕೊಟ್ಟ ಕ್ಯಾಷ್ ರಿಯಾಯಿತಿ ಮಾತ್ರ ಅದರಲ್ಲಿ ಸೇರಿರುವುದಿಲ್ಲ, ಅದನ್ನು ನೀವೇ ಕೂಡಿಕೊಳ್ಳಬೇಕು.

ಕಾರ್ಡಿಗೇ ಇರುವ ಶುಲ್ಕವನ್ನೂ ಮರೆಯಬೇಡಿ. ಬಜಾಜ್ ಇನ್‌ಸ್ಟಾ ಇಎಂಐ ಕಾರ್ಡಿನ ಸೇರ್ಪಡೆ ಶುಲ್ಕವೇ ಐನೂರು ರೂಪಾಯಿ ದಾಟುತ್ತದೆ, ಒಂದು ವರ್ಷ ಬಳಸದೆ ಇಟ್ಟರೆ ನೂರು ಚಿಲ್ಲರೆ ಶುಲ್ಕ ಬೇರೆ. ಬರೀ ಸ್ಕೋರ್ ಸಲುವಾಗಿ 6,000 ರೂಪಾಯಿಯ ಮಿಕ್ಸಿಯನ್ನು ಹೊಸ ಕಾರ್ಡಿನಲ್ಲಿ ಕೊಂಡರೆ ವಸ್ತುವಿನ ಬೆಲೆಯ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಶುಲ್ಕಕ್ಕೇ ಹೋದಂತೆ. ಸ್ಕೋರಿಗಾಗಿ ಕಾರ್ಡ್ ಮಾಡಿಸದೆ ಆ ಒಂದು ವಸ್ತುವಿಗೆ ಮಾತ್ರ ಸಾಲ ಹಾಕಿಸಿಕೊಳ್ಳಲೂ ಬಹಳ ಕಡೆ ಸಾಧ್ಯವಿದೆ. ‘ಕಾರ್ಡ್ ಬೇಡ, ಲೋನ್ ಮಾತ್ರ ಮಾಡಿ’ ಅಂತ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಕಾರ್ಡ್ ಸೇರಿಯೇ ಬರುತ್ತದೆ.

ಓಟಿಪಿ ಬರುವ ಆ ಎರಡು ನಿಮಿಷವನ್ನು ಹತ್ತಿರದಿಂದ ನೋಡಿ. ಮೊದಲನೆಯದು ಆಧಾರ್ ದೃಢೀಕರಣಕ್ಕೆ. ಎರಡನೆಯದು ನಿಮ್ಮ ಕ್ರೆಡಿಟ್ ವರದಿ ನೋಡಲು ಒಪ್ಪಿಗೆ. ಮೂರನೆಯದು ಸಾಲದ ಒಪ್ಪಂದಕ್ಕೆ, ನಾಲ್ಕನೆಯದು ಖಾತೆಯಿಂದ ತಾನಾಗಿಯೇ ಕಂತು ಎಳೆಯುವ ಮ್ಯಾಂಡೇಟಿಗೆ. ಇದರ ಮಧ್ಯೆ ಎಲ್ಲೋ ಎಕ್ಸ್‌ಟೆಂಡೆಡ್ ವಾರಂಟಿ, ವಿಮೆ, ‘ಕಾರ್ಡ್ ಪ್ರೊಟೆಕ್ಷನ್’ ಅಂತ ಒಂದು ನುಸುಳಿಕೊಳ್ಳುತ್ತದೆ. ಮೆಸೇಜಿನ ಮೊದಲ ಸಾಲಿನಲ್ಲಿ ಓಟಿಪಿ ಯಾವುದಕ್ಕೆ ಅಂತ ಬರೆದಿರುತ್ತದೆ. ಫೋನನ್ನು ಹುಡುಗನ ಕೈಗೆ ಕೊಟ್ಟು ಟಿವಿ ನೋಡುತ್ತ ನಿಲ್ಲಬೇಡಿ. ಒಂದೊಂದನ್ನೂ ಓದಿ, ಅಂಕಿಯನ್ನು ನೀವೇ ಹೇಳಿ. ಕೊನೆಯಲ್ಲಿ ಸಾಲದ ಮೊತ್ತ 18,000ದ ಬದಲು 19,499 ಅಂತ ಕಂಡರೆ ಏನೋ ಸೇರಿದೆ. ಅಲ್ಲೇ ನಿಲ್ಲಿಸಿ ತೆಗೆಸಿ. ಸಾಲ ಮಂಜೂರಾದ ಮೇಲೆ ತೆಗೆಸುವುದು ಹತ್ತು ಪಟ್ಟು ಕಷ್ಟ.

ಇನ್ನು ತಾರೀಖು. ನಮ್ಮ ಕಡೆ ಸಿಬಿಲ್ ಕೆಡುವುದಕ್ಕೆ ದುಡ್ಡಿಲ್ಲದಿರುವುದು ಎಷ್ಟು ಕಾರಣವೋ ತಾರೀಖು ಹೊಂದದಿರುವುದೂ ಅಷ್ಟೇ ಕಾರಣ. ಬಹಳಷ್ಟು ಫೈನಾನ್ಸ್ ಕಂಪನಿಗಳು ತಿಂಗಳ ಮೊದಲ ವಾರದಲ್ಲೇ ಕಂತು ಎಳೆಯುತ್ತವೆ. ವಸಂತನರಸಾಪುರದ ಕಾರ್ಖಾನೆಯಲ್ಲಿ ದುಡಿಯುವವರಿಗೆ ಸಂಬಳ 7ಕ್ಕೋ 10ಕ್ಕೋ ಬಂದರೆ 2ನೇ ತಾರೀಖು ಖಾತೆಯಲ್ಲಿ ಏನಿರುತ್ತದೆ? ಮ್ಯಾಂಡೇಟ್ ಬೌನ್ಸ್. ಬ್ಯಾಂಕಿನದೊಂದು ರಿಟರ್ನ್ ಚಾರ್ಜು, ಅದಕ್ಕೆ ಜಿಎಸ್‌ಟಿ, ಕಂಪನಿಯದೊಂದು ಬೌನ್ಸ್ ಚಾರ್ಜು. ಎರಡು ದಿನ ಬಿಟ್ಟು ಮತ್ತೆ ಹಾಕಿದರೆ ಬ್ಯಾಂಕಿನ ಚಾರ್ಜು ಇನ್ನೊಂದು ಸಲ. ತಿಪಟೂರಿನಲ್ಲಿ ಕೊಬ್ಬರಿ ಮಾರಿ, ಗುಬ್ಬಿ ಕಡೆ ಅಡಿಕೆ ಮಾರಿ ಬದುಕುವವರಿಗೆ ತಿಂಗಳ ಸಂಬಳವೇ ಇಲ್ಲ. ಇವರಿಗೆಲ್ಲ ಒಂದೇ ಉಪಾಯ: ಬೇರೆ ಯಾವುದಕ್ಕೂ ಮುಟ್ಟದ ಒಂದು ಉಳಿತಾಯ ಖಾತೆ ಇಟ್ಟು, ಸಾಲ ಶುರುವಾಗುವ ಮೊದಲೇ ಎರಡು ಕಂತಿನ ಹಣ ಅದರಲ್ಲಿ ಹಾಕಿ, ಮ್ಯಾಂಡೇಟನ್ನು ಆ ಖಾತೆಗೇ ಕೊಡುವುದು. ಮಿನಿಮಮ್ ಬ್ಯಾಲೆನ್ಸ್ ಆ ಎರಡು ಕಂತಿನ ಮೇಲೆ ಇರಬೇಕು ಎಂಬುದು ನೆನಪಿರಲಿ. ಫೋನ್‌ಪೇ ಇತ್ಯಾದಿಯಲ್ಲಿ ಗಡುವಿನ ಹಿಂದಿನ ದಿನ ಕೈಯಾರೆ ಕಟ್ಟಲೂ ಹೋಗಬೇಡಿ. ಮ್ಯಾಂಡೇಟ್ ಅಷ್ಟರಲ್ಲಿ ಬ್ಯಾಂಕಿಗೆ ಹೋಗಿರುತ್ತದೆ, ಎರಡು ಸಲ ಹಣ ಹೋಗಿ ವಾಪಸ್ಸಿಗೆ ಓಡಾಡಬೇಕಾಗುತ್ತದೆ.

ಸ್ಕೋರ್ ನಿಜವಾಗಿ ಬೆಳೆಯುವುದು ಮೂರನೇ ಬಗೆಯ ಕಾರ್ಡಿನಿಂದ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆರು ತಿಂಗಳ ಸಾಲ ಮುಗಿದು ಹೋಗುತ್ತದೆ, ಕ್ರೆಡಿಟ್ ಕಾರ್ಡ್ ವರ್ಷಗಟ್ಟಲೆ ಒಂದೇ ಸಾಲಾಗಿ ನಿಂತು ತಿಂಗಳು ತಿಂಗಳೂ ‘000’ ಬರೆಸಿಕೊಳ್ಳುತ್ತದೆ. ವರದಿಯಲ್ಲಿ ಪ್ರತಿ ತಿಂಗಳ ಚೌಕದಲ್ಲಿ ಎಷ್ಟು ದಿನ ತಡ ಎಂಬುದು ಇರುತ್ತದೆ, ಮೂರು ಸೊನ್ನೆ ಅಂದರೆ ತಡವಿಲ್ಲ. ಶುಲ್ಕದ ದೃಷ್ಟಿಯಿಂದ ಅಮೆಜಾನ್ ಪೇ ಐಸಿಐಸಿಐ ಎಲ್ಲಕ್ಕಿಂತ ನಿರಾಳ: ಸೇರ್ಪಡೆ ಶುಲ್ಕವೂ ಇಲ್ಲ, ವಾರ್ಷಿಕ ಶುಲ್ಕವೂ ಇಲ್ಲ. ಬಳಸಿದರೂ ಬಳಸದಿದ್ದರೂ ಖರ್ಚಿಲ್ಲದ ಕಾರ್ಡೇ ಹತ್ತು ವರ್ಷ ಇಟ್ಟುಕೊಳ್ಳಲು ಯೋಗ್ಯ. ಟಾಟಾ ನ್ಯೂ ಪ್ಲಸ್ ಮತ್ತು ರಿಲಯನ್ಸ್ ಎಸ್‌ಬಿಐ ಕಾರ್ಡಿಗೆ 499 ರೂಪಾಯಿಯ ಮಟ್ಟದ ಶುಲ್ಕವಿದೆ, ವರ್ಷಕ್ಕೆ 1 ಲಕ್ಷ ಖರ್ಚಾದರೆ ಮನ್ನಾ. ಶುಲ್ಕ ಉಳಿಸಲು ಖರ್ಚು ಹೆಚ್ಚಿಸಿಕೊಳ್ಳುವುದು ಬೇಡ. ತಿಂಗಳ ದಿನಸಿ, ಪೆಟ್ರೋಲು, ಕರೆಂಟ್ ಬಿಲ್ಲು ಸೇರಿ ಹೇಗೂ ಎಂಟೊಂಬತ್ತು ಸಾವಿರ ಆಗುವವರಿಗೆ ಮಾತ್ರ ಅವು.

ಆದರೆ ಇತಿಹಾಸ ಇಲ್ಲದವರಿಗೆ, ಸಂಬಳದ ಚೀಟಿ ಇಲ್ಲದವರಿಗೆ ಈ ಕಾರ್ಡುಗಳು ಸುಲಭಕ್ಕೆ ಸಿಗುವುದಿಲ್ಲ. ಸಿಗಲಿಲ್ಲ ಅಂತ ಒಂದೇ ವಾರದಲ್ಲಿ ನಾಲ್ಕು ಕಡೆ ಅರ್ಜಿ ಹಾಕಿದರೆ ನಾಲ್ಕು ‘ಎನ್‌ಕ್ವೈರಿ’, ಅಂದರೆ ಸಾಲಕ್ಕಾಗಿ ನಿಮ್ಮ ವರದಿ ನೋಡಿದ ದಾಖಲೆಗಳು, ವರದಿಯಲ್ಲಿ ಕೂರುತ್ತವೆ, ಸ್ಕೋರ್ ಮೂಡುವ ಮೊದಲೇ ಪೆಟ್ಟು. ಅಂಥವರು ಎಫ್‌ಡಿ ಮೇಲಿನ ಕಾರ್ಡ್ ಕೇಳಬೇಕು. ಇಪ್ಪತ್ತು ಇಪ್ಪತ್ತೈದು ಸಾವಿರ ಎಫ್‌ಡಿ ಇಟ್ಟರೆ ಅದರ ಮುಕ್ಕಾಲು ಪಾಲಿನಿಂದ ಪೂರ್ತಿಯವರೆಗೆ ಲಿಮಿಟ್ (ಕಾರ್ಡಿನಲ್ಲಿ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತ) ಕೊಡುವ ಬ್ಯಾಂಕುಗಳಿವೆ. ಆದಾಯದ ದಾಖಲೆ ಬೇಡ, ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಹೊರಗಿನ ಅಂಗಡಿಗೆ ಅದು ಸಾಮಾನ್ಯ ಕ್ರೆಡಿಟ್ ಕಾರ್ಡಿನಂತೆಯೇ. ಒಂದು ವರ್ಷ ಸರಿಯಾಗಿ ನಡೆಸಿದರೆ ಅಂಗಡಿ ಹೆಸರಿನ ಕಾರ್ಡು ಅವರೇ ಕೊಡಲು ಬರುತ್ತಾರೆ. ಇಎಂಐ ಕಾರ್ಡಿಗೆ ಐನೂರು ಕೊಡುವ ಬದಲು ಈ ದಾರಿ ಹಿಡಿಯಿರಿ ಎಂದು ನಾವು ಯಾರಿಗಾದರೂ ಹೇಳುತ್ತೇವೆ.

ಕ್ರೆಡಿಟ್ ಕಾರ್ಡಿನಲ್ಲಿ ಬಡ್ಡಿ ತಪ್ಪಿಸುವುದು ಹೇಗೆ? ಬಿಲ್ ಪ್ರತಿ ತಿಂಗಳು 20ಕ್ಕೆ ಆಗುತ್ತದೆ, ಗಡುವು ಮುಂದಿನ 8 ಅಂದುಕೊಳ್ಳಿ. 21ನೇ ತಾರೀಖು ಕೊಂಡ ವಸ್ತುವಿಗೆ ಮುಂದಿನ ತಿಂಗಳ 20ಕ್ಕೆ ಬಿಲ್, ಅದರ ಮುಂದಿನ 8ಕ್ಕೆ ಗಡುವು, ಹತ್ತಿರ ಹತ್ತಿರ 48 ದಿನ ಬಡ್ಡಿಯಿಲ್ಲದ ಹಣ. 19ಕ್ಕೆ ಕೊಂಡರೆ ಬರೀ 19 ದಿನ ಚಿಲ್ಲರೆ. ಈ ಸೌಲಭ್ಯ ಇರುವುದು ಬಿಲ್ಲಿನ ಪೂರ್ತಿ ಮೊತ್ತ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. 8,000ದ ಬಿಲ್ಲಿಗೆ ಶೇ. 5ರಂತೆ ಕನಿಷ್ಠ ಮೊತ್ತ 400 ಕಟ್ಟಿ ಸುಮ್ಮನಾದರೆ ಉಳಿದ 7,600ಕ್ಕೆ ತಿಂಗಳಿಗೆ ಶೇ. 3.5ರಂತೆ 266 ಬಡ್ಡಿ, ಅದಕ್ಕೆ 48 ಜಿಎಸ್‌ಟಿ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ: ಹಳೆಯ ಬಾಕಿ ನಿಂತಿರುವ ತನಕ ಹೊಸದಾಗಿ ಕೊಂಡದ್ದಕ್ಕೆಲ್ಲ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ, 48 ದಿನದ ಮಾತೇ ಇಲ್ಲ. ಎಟಿಎಂನಲ್ಲಿ ಈ ಕಾರ್ಡಿನಿಂದ ಹಣ ತೆಗೆದರಂತೂ ಬಿಲ್ ಪೂರ್ತಿ ಕಟ್ಟಿದರೂ ಬಡ್ಡಿ ತಪ್ಪುವುದಿಲ್ಲ.

‘ಸ್ವಲ್ಪ ಬಾಕಿ ಉಳಿಸಿದರೆ ಸ್ಕೋರ್ ಬೇಗ ಏರುತ್ತೆ’ ಎಂಬ ಮಾತು ಊರ ತುಂಬ ಓಡಾಡುತ್ತಿದೆ. ಅದು ಶುದ್ಧ ತಪ್ಪು. ಬಳಸಿದ್ದು ವರದಿಯಾಗಬೇಕು, ಬಾಕಿ ಉಳಿಯಬೇಕಾಗಿಲ್ಲ. ಬಡ್ಡಿ ಕಟ್ಟಿದವರಿಗೆ ಸ್ಕೋರಿನಲ್ಲಿ ಒಂದು ಅಂಕವೂ ಹೆಚ್ಚು ಸಿಗುವುದಿಲ್ಲ. ಆಟೋ-ಪೇ ಹಾಕುವಾಗ ‘ಮಿನಿಮಮ್ ಡ್ಯೂ’, ‘ಟೋಟಲ್ ಡ್ಯೂ’ ಎಂದು ಎರಡು ಆಯ್ಕೆ ಇರುತ್ತವೆ. ಬೆರಳು ಟೋಟಲ್ ಮೇಲೆ ಬಿದ್ದಿದೆಯೇ ಎಂದು ಎರಡು ಸಲ ನೋಡಿ. ವರ್ಷಗಟ್ಟಲೆ ಬಡ್ಡಿ ಕಟ್ಟಿದವರ ಬಿಲ್ ತೆರೆದರೆ ಎಷ್ಟೋ ಸಲ ಕಾರಣ ಆ ಒಂದು ಚುಕ್ಕೆಯಷ್ಟೇ.

ಲಿಮಿಟ್ಟಿನ ಶೇ. 30ರೊಳಗೆ ಬಳಕೆ ಇರಲಿ. 20,000ದ ಲಿಮಿಟ್ಟಿಗೆ 6,000. ಶುರುವಿನ ಲಿಮಿಟ್ ಸಣ್ಣದಿರುವುದರಿಂದ ಒಂದು ಮೊಬೈಲ್ ಕೊಂಡರೇ ಇದು ಮೀರುತ್ತದೆ. ಹಾಗೆ ಕೊಂಡ ದಿನವೇ ಬಿಲ್ಲಿಗೆ ಕಾಯದೆ ಕಾರ್ಡಿಗೆ ಹಣ ಕಟ್ಟಿಬಿಡಿ. ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಲೆಕ್ಕ ಕಳಿಸಬೇಕು ಎಂಬ ನಿಯಮ 2025ರ ಜನವರಿಯಲ್ಲಿ ಬಂತು. ಕಟ್ಟಿದ್ದು ಬೇಗ ಕಾಣುತ್ತದೆ, ತಪ್ಪಿದ್ದೂ ಬೇಗ ಕಾಣುತ್ತದೆ. ಗಡುವು ಮರೆತಿರಾ? ಮೂರು ದಿನ ಮೀರುವ ಮೊದಲು ಕಟ್ಟಿದರೆ ತಡ ಎಂದು ವರದಿ ಮಾಡುವಂತಿಲ್ಲ, ದಂಡವನ್ನೂ ಹಾಕುವಂತಿಲ್ಲ ಎಂಬ ನಿಯಮ ಕ್ರೆಡಿಟ್ ಕಾರ್ಡಿಗಿದೆ. ಅಂಗಡಿಯ ಇಎಂಐ ಸಾಲಕ್ಕೆ ಆ ಮೂರು ದಿನವನ್ನು ನಂಬಬೇಡಿ. ಗಡುವೇ ಹೊಂದದಿದ್ದರೆ ಬಿಲ್ಲಿನ ತಾರೀಖು ಬದಲಿಸಿಕೊಳ್ಳುವ ಹಕ್ಕು ಕಾರ್ಡುದಾರರಿಗೆ ಇದೆ, ಸಂಬಳದ ತಾರೀಖು ಹೇಳಿ ಬದಲಿಸಿಕೊಳ್ಳಿ.

ಕ್ರೆಡಿಟ್ ಕಾರ್ಡಿನಲ್ಲೂ ‘ನೋ ಕಾಸ್ಟ್ ಇಎಂಐ’ ಬರುತ್ತದೆ. ಅದೇ 24,000ದ ಫ್ರಿಜ್ಜನ್ನು ಶೇ. 16ರ ದರದಲ್ಲಿ ಆರು ಕಂತಿಗೆ ಹಾಕಿದರೆ ಒಳಗಿನ ಬಡ್ಡಿ 1,081ರಷ್ಟಾಗುತ್ತದೆ, ಅಷ್ಟನ್ನು ಅಂಗಡಿಯವರು ರಿಯಾಯಿತಿಯಾಗಿ ಬಿಡುತ್ತಾರೆ. ಆದರೆ ಆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ, ಸುಮಾರು 195 ರೂಪಾಯಿ, ನಿಮ್ಮ ಮೇಲೆ. 199ರ ಪ್ರೊಸೆಸಿಂಗ್ ಫೀ ಇದ್ದರೆ ಅದೂ, ಅದರ ಜಿಎಸ್‌ಟಿಯೂ ಸೇರಿ ಒಟ್ಟು 430. ಫೈನಾನ್ಸ್ ಕಂಪನಿಯ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕಾರ್ಡಿನ ಬಡ್ಡಿಗೆ ಇದೆ ಎಂಬ ವ್ಯತ್ಯಾಸ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಜೊತೆಗೆ ಲಿಮಿಟ್ಟಿನಲ್ಲಿ ಅಷ್ಟೂ ಹಣ ಹಿಡಿದಿಟ್ಟು ಬಳಕೆಯ ಶೇಕಡಾವಾರು ಏರುತ್ತದೆ. ಸ್ಕೋರ್ ಬೆಳೆಸುವ ಮೊದಲ ವರ್ಷದಲ್ಲಿ ಇದು ಬೇಡವೇ ಬೇಡ.

ಸಾಲ ಮುಗಿದ ಮೇಲೆ ಬಹುತೇಕರು ಅಲ್ಲಿಗೆ ಬಿಟ್ಟುಬಿಡುತ್ತಾರೆ, ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಕೊನೆಯ ಕಂತಾದ ಮೇಲೆ ಕಂಪನಿಯ ಆಪ್‌ನಿಂದ ಎನ್‌ಒಸಿ (ಬಾಕಿ ಇಲ್ಲ ಎಂಬ ಪತ್ರ) ಇಳಿಸಿಕೊಳ್ಳಿ, ಬ್ಯಾಂಕಿನ ಆಪ್‌ನಲ್ಲಿ ಮ್ಯಾಂಡೇಟ್ ರದ್ದು ಮಾಡಿ. ತಿಂಗಳು ಬಿಟ್ಟು ವರದಿ ತೆಗೆದು ನೋಡಿ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು, ಮೂರು ತಿಂಗಳಿಗೊಂದರಂತೆ ಹಂಚಿಕೊಂಡರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಸಾಲದ ಮುಂದೆ ‘ಕ್ಲೋಸ್ಡ್’ ಎಂದಿರಬೇಕು, ಬಾಕಿ ಸೊನ್ನೆ ಇರಬೇಕು. ಬೌನ್ಸ್ ಚಾರ್ಜಿನ ನೂರಿನ್ನೂರು ರೂಪಾಯಿ ಉಳಿದು ಸಾಲ ಇನ್ನೂ ತೆರೆದಿರುವುದು ತೀರ ಸಾಮಾನ್ಯ. ಅದನ್ನು ಬಗೆಹರಿಸಲು ಯಾರಾದರೂ ‘ಸೆಟಲ್ ಮಾಡ್ಕೊಳ್ಳಿ, ಅರ್ಧ ಕಟ್ಟಿ ಸಾಕು’ ಅಂದರೆ ಒಪ್ಪಬೇಡಿ. ‘ಸೆಟಲ್ಡ್’ ಎಂದು ಬರೆಯಲ್ಪಟ್ಟ ಸಾಲು ವರ್ಷಗಟ್ಟಲೆ ಕಾಡುತ್ತದೆ. ಪೂರ್ತಿ ಕಟ್ಟಿ ‘ಕ್ಲೋಸ್ಡ್’ ಮಾಡಿಸಿ.

ವರದಿಯಲ್ಲಿ ತಪ್ಪಿದ್ದರೆ ಆ ಸಂಸ್ಥೆಯ ಜಾಲತಾಣದಲ್ಲೇ ತಕರಾರು ಹಾಕಿ, ಎನ್‌ಒಸಿ ಲಗತ್ತಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು, 2024ರ ಏಪ್ರಿಲ್‌ನಿಂದ ಈ ನಿಯಮ ಜಾರಿಯಲ್ಲಿದೆ. ಅಷ್ಟಾಗಿಯೂ ಉತ್ತರ ಬರದಿದ್ದರೆ ಗ್ರಾಹಕರ ದೂರು ಬಗೆಹರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ವಕೀಲರು ಬೇಡ, ಶುಲ್ಕವಿಲ್ಲ, ಮಾಹಿತಿಗೆ 14448ಕ್ಕೆ ಕರೆ ಮಾಡಿದರಾಯಿತು. ‘ಸಿಬಿಲ್ ಸರಿ ಮಾಡಿಕೊಡ್ತೀವಿ’ ಎಂದು ಐದು ಸಾವಿರ ಕೇಳುವವರು ಮಾಡುವುದೂ ಇದೇ ತಕರಾರಿನ ಅರ್ಜಿಯನ್ನೇ.